ಮಾಳಿಗೆಯ ಮುದುಕನ ಬಡಿಗೆ

ಕಾಕು ನೆಮ್ಮದಿಯಾಗಿ ಚಕ್ಕಳಮಕ್ಕಳ ಹಾಕಿ ಕುಳಿತದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಒಂದು ಮೊಣಕಾಲು ನೆಲಕ್ಕೆ, ಇನ್ನೊಂದು ಎದೆಯ ಮಟ್ಟಕ್ಕೆ, ಎಡ ಅಂಗೈ ನೆಲಕ್ಕೊತ್ತಿ. ಅಕ್ಕಿ ಆರಿಸುವಾಗಲೂ ಹಾಗೆ, ಉಂಡು ಎಲೆಯಡಿಕೆ ಹಾಕಿಕೊಳ್ಳುವಾಗಲೂ ಹಾಗೆ. ಈಗ ಯಾರೋ ಕರೆದಾರು, ತಕ್ಷಣ ಏಳಬೇಕಾದೀತು ಎಂಬಂತೆ. ಅಂಗೈಯ ಬುಡ ಜಡ್ಡುಗಟ್ಟಿತ್ತು.

ಕಾಕು ಅಂದರೆ ಚಿಕ್ಕಮ್ಮ; ಆದರೆ ಅವರು ನಮಗೆ ಸಂಬಂಧಿಕರಲ್ಲ. ದಾಂಡೇಲಿಯಲ್ಲಿ ಕಾಗದದ ಗಿರಣಿಯವರು ಇರುತ್ತಿದ್ದ ಚಾಳಿನಲ್ಲಿ ನಮಗೂ ಅವರಿಗೂ ನಡುವೆ ಒಂದು ಹಲಗೆಗೋಡೆ, ಅಷ್ಟೆ. ಇಡೀ ಚಾಳಿಗೆ ರೇಡಿಯೋ ಇದ್ದದ್ದು ಅವರ ಮನೆಯಲ್ಲಿ ಮಾತ್ರ. ವಾರಕ್ಕೊಮ್ಮೆ ಸಂಜೆ ಅದರಲ್ಲಿ ಒಂದು ನಗೆನಾಟಕ ಬರುತ್ತಿತ್ತು. ಬಾಡಿಗೆ ಮನೆಯ ಗುಮಾಸ್ತ, ಅವನ ಹೆಂಡತಿ, ಊಟದ ಹೊತ್ತಿಗೆ ಸರಿಯಾಗಿ ಬರುವ ಭಾವಮೈದುನ. ಊರೆಲ್ಲ ಈ ಮೂವರಿಗೆ ನಗುತ್ತಿತ್ತು. ಕಾಕುವಿನ ಪಡಸಾಲೆಯಲ್ಲಿ ಮಾತ್ರ ಈ ಮೂವರನ್ನು ಕೇಳುವವರಿರಲಿಲ್ಲ. ಅಲ್ಲಿ ಜಗಳವಾಗುತ್ತಿದ್ದದ್ದು ಬೀದಿಯಿಂದ ಒಂದೆರಡು ಮಾತು ಕೂಗಿ ಹೋಗುವ ಹಾಲಿನವಳ ಬಗ್ಗೆ, ಸೀನುವ ಜವಾನನ ಬಗ್ಗೆ.

"ಅಲ್ರಿ ಅಕ್ಕಾರ, ಹಾಲಿನಾಕಿ ಎಮ್ಮಿ ಒಂದ ವರ್ಷದಾಗ ಎರಡ ಸಲ ಈದೈತಿ. ನಾಟಕ ಬರದಾಂವಗ ಖಬರ್ ಇಲ್ಲೇನು?" ಎಂದು ಎದುರು ಮನೆಯ ಫಿಟ್ಟರ್ ಸವಾಲು ಹಾಕುತ್ತಿದ್ದ.

"ಎರಡನೇದು ಆಕಿ ನಾದಿನಿ ಎಮ್ಮಿ. ಯುಗಾದಿ ವಾರ ಹೇಳ್ಯಾಳ. ನೀವು ಬೀಡಿ ಹಚ್ಚಾಕ ಹೊರಗ ಹೋಗಿದ್ರಿ," ಎನ್ನುತ್ತಿದ್ದರು ಕಾಕು, ತಲೆ ಎತ್ತದೆ.

ನಾನಾಗ ಧಾರವಾಡದಲ್ಲಿ ಕಾಲೇಜು ಓದುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಎರಡು ಬಟ್ಟಲುಗಳು ಮನೆಯ ಗೂಡಿನಲ್ಲಿದ್ದವು. ದೇವರಿಂದ ಹಿಡಿದು ದೆವ್ವದವರೆಗೆ ಎಲ್ಲದಕ್ಕೂ ಸಾಕ್ಷಿ ಕೇಳುವ ಚಟ. ರಜೆಗೆ ಬಂದಾಗ ಮಾತಿನ ನಡುವೆ ಬಾಯಿ ಹಾಕಿದರೆ ಕಾಕು ಹೇಳುತ್ತಿದ್ದದ್ದು ಒಂದೇ: "ಮೊದಲ ಕೇಳಿಸ್ಕೊ ತಮ್ಮಾ, ಆಮ್ಯಾಲ ಗೆಲ್ಲು."

ನಾಟಕದಲ್ಲಿ ಇನ್ನೊಬ್ಬನಿದ್ದ. ಮಾಳಿಗೆಯ ಮೇಲಿನ ಮುದುಕ. ಅವನಿಗೆ ಮಾತೇ ಇಲ್ಲ. ಕೆಳಗೆ ಗದ್ದಲವಾದಾಗ ಬಡಿಗೆಯಿಂದ ನೆಲ ಕುಟ್ಟುತ್ತಾನೆ: ಟಕ್, ಟಕ್, ಟಕ್. ಅದು ಕೇಳಿದೊಡನೆ ಎಲ್ಲರೂ ನಗುತ್ತಿದ್ದರು. ಕಾಕು ನಗುತ್ತಿರಲಿಲ್ಲ.

"ಅಂವ ಸಿಟ್ಟಿಗೆದ್ದು ಬಡ್ಯಾಂಗಿಲ್ಲ. ಏನೋ ಬೇಕಾಗೇತಿ. ಇಷ್ಟ ಮಂದಿ ಅದಾರ, ಒಬ್ಬರರ ಮ್ಯಾಲ ಹತ್ತಿ ಹೋಗಿ ನೋಡ್ಯಾರೇನು?"

"ಕಾಕೂ, ಮ್ಯಾಲ ಮುದುಕನೂ ಇಲ್ಲ, ಮಾಳಿಗೀನೂ ಇಲ್ಲ. ಯಾವನೋ ಒಬ್ಬಾಂವ ಹಲಗಿ ಮ್ಯಾಲ ಕೋಲು ಕುಟ್ಟತಾನ. ಕುಟ್ಟಿದ್ದಕ್ಕ ಪಗಾರ ತಗೋತಾನ."

"ಇಲ್ಲದಾಂವಗ ಬಡಿಗಿ ಯಾಕ ಬೇಕು?"

ಚರ್ಚೆಯಲ್ಲಿ ಇಂಥ ಪ್ರಶ್ನೆ ಬಂದರೆ ವಾದ ಬಿಟ್ಟು ಪುರಾವೆ ತೋರಿಸಬೇಕು ಎಂದು ನಾನು ಕಲಿತಿದ್ದೆ. ಒಂದು ಸಂಜೆ ನಾಟಕ ಮುಗಿದು ಕಾಕು ಚಹಾಕ್ಕೆಂದು ಒಳಗೆ ಹೋದಾಗ, "ಈಗ ನೋಡ್ರಿ," ಎಂದು ಫಿಟ್ಟರನಿಗೆ ಕಣ್ಣು ಹೊಡೆದು ನಮ್ಮ ಮನೆಗೆ ಬಂದೆ. ಅಪ್ಪನ ಕೊಡೆ ತೆಗೆದುಕೊಂಡು ಹಲಗೆಗೋಡೆಗೆ ಮೂರು ಸಲ ಕುಟ್ಟಿದೆ.

ಆ ಕಡೆ ಏನೋ ಪಾತ್ರೆ ಬಿದ್ದ ಸದ್ದು. ಬಳಿಕ ಕಾಕುವಿನ ದನಿ, ಆದರೆ ನಾನು ಕೇಳಿರದ, ಎಳೆಯ ಸೊಸೆಯ ದನಿ: "ಬಂದೆರೀ ಮಾವಾರ! ಬಂದೆ, ಬಂದೆ!"

ಪಡಸಾಲೆ ಘೊಳ್ಳೆಂದಿತು. ನಾನು ಗೆದ್ದ ಉತ್ಸಾಹದಲ್ಲಿ ಓಡಿಬಂದೆ. ಕಾಕು ಗೋಡೆಯ ಮುಂದೆ ನಿಂತಿದ್ದರು. ಕೈಯಲ್ಲಿ ನೀರಿನ ತಂಬಿಗೆ, ಅರ್ಧ ಸೀರೆಯ ಮೇಲೆ ಚೆಲ್ಲಿತ್ತು. ಕೊಡಲು ಎದುರಿಗೆ ಯಾರೂ ಇಲ್ಲ. ನಗು ತಾನಾಗಿ ನಿಂತಿತು. ಅವರು ನನ್ನನ್ನೂ, ನನ್ನ ಕೈಯ ಕೊಡೆಯನ್ನೂ ನೋಡಿದರು.

"ತಗೋ, ಕುಡಿ. ಬಡದಾಂವ ನೀನ ಅಲ್ಲ?"

ಕುಡಿದೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ.

ಮರುದಿನ ಅಕ್ಕಿ ಆರಿಸುತ್ತ ಅವರಾಗಿಯೇ ಹೇಳಿದರು. ಮದುವೆಯಾಗಿ ಹಳಿಯಾಳದ ಕಡೆಯ ಹಳ್ಳಿಗೆ ಬಂದ ಹೊಸತು. ಮಾವ ಹಾಸಿಗೆ ಹಿಡಿದಿದ್ದರು, ದನಿ ಹೋಗಿತ್ತು. ನೀರು ಬೇಕಾದರೆ ಬಡಿಗೆ ಕುಟ್ಟುತ್ತಿದ್ದರು. ಒಂದು ಮಧ್ಯಾಹ್ನ ಭತ್ತ ಕುಟ್ಟಿ ದಣಿದು ಇವರು ಅಡ್ಡಾಗಿದ್ದಾಗ ಬಡಿಗೆಯ ಸದ್ದಾಯಿತು.

"ಕೇಳಿಸಿತು, ತಮ್ಮಾ. ಇನ್ನೊಂದ ಸಲ ಬಡೀಲಿ, ಏಳೂಣು ಅಂದೆ. ಜೊಂಪು ಹತ್ತಿತು. ಎದ್ದು ಹೋಗೂದ್ರಾಗ ಮುಗದಿತ್ತು. ಯಾರೂ ಬೈಲಿಲ್ಲ. ಬೈದಿದ್ರ ಅವತ್ತs ತೀರತಿತ್ತು."

ನನ್ನ ಬಾಯಿ ಅಲ್ಲೂ ಸುಮ್ಮನಿರಲಿಲ್ಲ. "ನೀವು ಎದ್ದಿದ್ರೂ ಅವರು ಉಳೀತಿದ್ದಿಲ್ಲ, ಕಾಕೂ. ನೀರಿನಿಂದ ಏನಾಗತಿತ್ತು?"

ಅವರು ಕಲ್ಲೊಂದನ್ನು ಆರಿಸಿ ಪಕ್ಕಕ್ಕಿಟ್ಟರು. "ಸಾಯೂದು ಬ್ಯಾರೆ, ನೀರಡಿಕಿ ಬ್ಯಾರೆ."

ವೇದಿಕೆಯ ಮೇಲೆ ಎದುರಾಳಿಯನ್ನು ನಗೆಪಾಟಲು ಮಾಡುವ ಅವಕಾಶ ಸಿಕ್ಕಾಗಲೆಲ್ಲ ಆ ತಂಬಿಗೆ ನೆನಪಾಗಿ ನಾಲಿಗೆ ತಡವರಿಸುತ್ತದೆ. ಆ ಮೇಲೆ ನನಗೆ ಬಟ್ಟಲು ಬಂದಿಲ್ಲ.

ನಾಟಕ ಮುಂದೆ ನಿಂತುಹೋಯಿತು. ಕೊನೆಯವರೆಗೂ ಮಾಳಿಗೆ ಹತ್ತಿ ನೋಡಿದವರಿಲ್ಲ. ಕಾಕುವಿನ ಗಂಡ, ಕಾಕಾ, ಗಿರಣಿಯ ಕೆಲಸ ಬಿಟ್ಟ ಮೇಲೆ ಇಬ್ಬರೂ ಹಳ್ಳಿಗೆ ಹೋದರು. ಹೋಗುವ ದಿನ ಕಾಕು ನನಗೆ ಹೇಳಿದ್ದು, "ಅಲ್ಲಿ ಮಾಳಿಗಿ ಐತಿ, ಬಂದು ನೋಡು," ಎಂದು, ನಗುತ್ತ. ಕ್ಷಮಿಸಿದ್ದರು ಅಂದುಕೊಂಡೆ. ನಾನು ಕ್ಷಮೆ ಕೇಳಿರಲಿಲ್ಲ, ಅದು ಬೇರೆ.

ನಾನು ಅಲ್ಲಿಗೆ ಹೋದದ್ದು ಕಳೆದ ಮಳೆಗಾಲದ ಕೊನೆಯಲ್ಲಿ, ಅವರು ತೀರಿಕೊಂಡ ಸುದ್ದಿ ತಿಳಿದ ಮೇಲೆ. ಬಹಳ ದಿನ ಮಲಗಿದ್ದರಂತೆ. ಕಡೆಗೆ ಅವರಿಗೂ ದನಿ ಕ್ಷೀಣಿಸಿತ್ತಂತೆ. ಮಂಚದ ಪಕ್ಕದಲ್ಲಿ ಬಿದಿರಿನ ಕೋಲೊಂದು ಇನ್ನೂ ಗೋಡೆಗೆ ಆನಿಕೊಂಡಿತ್ತು.

"ಏನರ ಬೇಕಾದ್ರ ಬಡೀರಿ ಅಂತ ನಮ್ಮನಿಯವರು ಕಡದು ಕೊಟ್ಟಿದ್ರು," ಎಂದಳು ಕಾಕುವಿನ ಸೊಸೆ. "ಒಂದ ಸಲಾನೂ ಮುಟ್ಟಲಿಲ್ಲ. ಯಾಕ ಅತ್ತಿ ಅಂದ್ರ, ಬಡದ್ರ ನೀ ಏಳಬೇಕಾಕ್ಕೈತಿ, ಒಂದಿನ ಏಳಾಕ ಆಗಲಿಲ್ಲಂದ್ರ ಏನ ಮಾಡ್ತಿ, ಅಂತಿದ್ರು."

"ನೀರಡಿಕಿ ಆದ್ರ?"

"ನಾನs ಹೋಗಿ ಕೇಳತಿದ್ದೆ. ಬ್ಯಾಡ ಅಂತ ಕೈ ಮಾಡ್ತಿದ್ರು. ಖರೇನs ಬ್ಯಾಡಾಗಿತ್ತೋ ಏನೋ, ನಮಗ ತಿಳೀಲಿಲ್ರಿ."

ಆ ಸಂಜೆ ನಾನು ಕೊಡೆ ಕುಟ್ಟದೆ, ಚಾಳಿನ ಮಂದಿ ನಗದೆ ಇದ್ದಿದ್ದರೆ ಕಾಕು ಆ ಕೋಲನ್ನು ಮುಟ್ಟುತ್ತಿದ್ದರೋ ಏನೋ. ಕೇಳೋಣವೆಂದರೆ ಸೊಸೆಗೆ ಆ ಸಂಜೆಯ ಕಥೆಯೇ ಗೊತ್ತಿರಲಿಲ್ಲ. ಹೇಳುವ ಧೈರ್ಯ ನನಗೂ ಆಗಲಿಲ್ಲ. ಅಷ್ಟರಲ್ಲಿ ಆಕೆ ಒಳಗೆ ಹೋಗಿ, ನಾನು ಕೇಳದೆಯೇ, ಒಂದು ತಂಬಿಗೆ ನೀರು ತಂದು ಮುಂದಿಟ್ಟಳು.