ಹಜರತಬಿ ಹಿಂಡಿದ ಗಂಜಿ

ನಮ್ಮ ಗೋಡೆಗೆ ಹತ್ತಿದ ಮನೆ ಹಜರತಬಿಯದು. ಅವಳು ಹುನಗುಂದದಿಂದ ಇಳಕಲ್ಲಿಗೆ ಸೊಸೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ, ಅವಳಿಗೆ ಯಾವುದಕ್ಕೂ ತಡೆದುಕೊಳ್ಳಲು ಬರುವುದಿಲ್ಲ. ರೊಟ್ಟಿ ಉಬ್ಬುವ ಮೊದಲೇ ಹಂಚಿನಿಂದ ತೆಗೆಯುತ್ತಾಳೆ. ಬಸ್ಸು ನಿಲ್ಲುವ ಮೊದಲೇ ಇಳಿದು ಒಮ್ಮೆ ಕಾಲು ಮುರಿದುಕೊಂಡಳು. ಆ ಕಾಲಿನ ಪಟ್ಟಿಯನ್ನೂ ಡಾಕ್ಟರು ಹೇಳುವ ಮೊದಲೇ ಬಿಚ್ಚಿದಳು. ಕೆಟ್ಟವಳಲ್ಲ. ನಮ್ಮ ಮನೆಯವರು ತೀರಿಕೊಂಡಾಗ ಎಲ್ಲರಿಗಿಂತ ಮೊದಲು ಓಡಿ ಬಂದವಳೂ ಅವಳೇ.

ಅವಳ ಗಂಡ ಮಲೀಕಸಾಬ ನೇಕಾರ. ಈ ವರ್ಷ ಮಗಳು ತಬಸುಮಳ ಮದುವೆ ಗೊತ್ತಾಯಿತು. ಕಂಡವರಿಗೆಲ್ಲ ಸೀರೆ ನೇಯ್ದ ಮನೆಯಲ್ಲಿ ಮೊದಲ ಸಲ ಮಗಳ ಸೀರೆಗೆಂದೇ ಉದ್ದೆಳೆಗಳ ಹಾಸು ತಯಾರಾಯಿತು. ಅದನ್ನು ಓಣಿಯುದ್ದಕ್ಕೂ ಎಳೆದು ಕಟ್ಟಿ, ಬಿಸಿಲೇರುವ ಮೊದಲು ಗಂಜಿ ಹಚ್ಚಬೇಕು. ಗಂಜಿ ನುಣ್ಣಗಿರದಿದ್ದರೆ ಎಳೆಗೆ ಎಳೆ ಅಂಟಿ ಮಗ್ಗದಲ್ಲಿ ಹರಿಯುತ್ತವೆ.

ಜೋಳದ ಹಿಟ್ಟನ್ನು ನೀರಲ್ಲಿ ಕದಡಿ, ಗಡಿಗೆಯ ಬಾಯಿಗೆ ಧೋತರದ ಅರಿವೆ ಕಟ್ಟಿ ಸೋಸುತ್ತೇವೆ. ಮೊದಲು ಸರಸರ ಇಳಿಯುತ್ತದೆ. ಆಮೇಲೆ ಅರಿವೆಯ ಮೇಲೆ ತೌಡು ದಪ್ಪಗೆ ಕೂತು, ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಹಾಗೆ ಕೂತ ತೌಡೇ ಸಣ್ಣ ಕಸವನ್ನೂ ಹಿಡಿಯುವುದು. ಆ ದಿನ ನಸುಕಿನಲ್ಲಿ ಅದನ್ನು ಮುಟ್ಟಬೇಡವೆಂದು ಹಜರತಬಿಗೆ ಹೇಳಿ ಕಟ್ಟಿಗೆ ತರಲು ಹೋದೆ. ಬರುವಷ್ಟರಲ್ಲಿ ಅರಿವೆಯನ್ನು ಒಗೆದ ಬಟ್ಟೆಯಂತೆ ಹಿಂಡಿಬಿಟ್ಟಿದ್ದಳು.

"ಇದೇನ ಮಾಡ್ದಿ?"

"ಕುಂತ ಕುಂತ ಬ್ಯಾಸರಾತ್ರಿ ಅಕ್ಕಾ. ಎಲ್ಲಾ ಒಮ್ಮೆಲೆ ಇಳೀತ ನೋಡ್ರಿ."

"ತೌಡೂ ಇಳೀತು."

"ಕುದ್ದರ ಕರಗತೈತಿ ತಗೋರಿ."

ತೌಡು ಕರಗುವುದಿಲ್ಲ. ನಾನು ಬೇಡವೆಂದರೂ ಕುದಿಸಿ ಗಂಡನಿಗೆ ಕೊಟ್ಟಳು. ಅರೆಗತ್ತಲಲ್ಲಿ ಅವನಿಗೆ ಕಾಣಲಿಲ್ಲ. ಅರ್ಧ ಹಾಸು ಮುಗಿಯುವಷ್ಟರಲ್ಲಿ ಬೆಳಕಾಯಿತು. ಎಳೆಗಳ ತುಂಬ ಚುಕ್ಕೆ ಚುಕ್ಕೆ.

ಮಲೀಕಸಾಬ ಕುಂಚ ಕೆಳಗಿಟ್ಟ. "ಇದು ಮಗಳ ಸೀರಿಯೋ, ಜ್ವಾಳದ ಹೊಲಾನೋ? ಹೇಳು, ಗುಬ್ಬಿ ಕಾಯಾಕ ಕುಂಡ್ರತೇನಿ."

ತಬಸುಮ ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಆಗ ಹಜರತಬಿ ಹೆದರಿ ನನ್ನ ಸೆರಗು ಹಿಡಿದಳು.

ಗಂಜಿ ಇನ್ನೂ ಹಸಿಯಿತ್ತು. ನೀರು ಚಿಮುಕಿಸಿ ಎಳೆಗಳ ಮೇಲಿನ ತೌಡು ಹೆಕ್ಕಲು ಅವಳನ್ನು ಕೂರಿಸಿದೆ. ಕೈಗೆ ಕೆಲಸವಿದ್ದರೆ ನಾನು ಸೋಸುವ ಅರಿವೆಗೆ ಕೈ ಹಾಕುವುದಿಲ್ಲ. ನಾನು ಬೇರೆ ಹಿಟ್ಟು ಕದಡಿ ಗಡಿಗೆಯ ಪಕ್ಕ ಕಾವಲು ಕೂತೆ. "ಆತೇನ್ರಿ ಅಕ್ಕಾ?" "ಇಲ್ಲ." "ಈಗ?" ತೊಟ್ಟು ನಿಲ್ಲುವವರೆಗೂ ನಾನು ಏಳಲಿಲ್ಲ.

ಹೊಸ ಗಂಜಿ ಹಚ್ಚುವಾಗ ಬಿಸಿಲು ಚುರುಗುಟ್ಟುತ್ತಿತ್ತು. ಮಲೀಕಸಾಬ ಬೆರಳು ಹಾಕಿ ನೋಡಿದ. ಎಳೆಗಳು ಒಂದೊಂದಾಗಿ ಬಿಟ್ಟುಕೊಂಡವು.

"ಇಷ್ಟಕ್ಕ ಮುಂಜಾನಿಂದ ನನ್ನ ಹೆದರಿಸಿದ್ರಲ್ಲಾ" ಎಂದಳು ಹಜರತಬಿ. ಹಾಸು ಆರುವ ಮೊದಲೇ ಅದನ್ನು ಸುತ್ತುವ ಕೋಲಿಗೆ ಕೈ ಹಾಕಿದಳು. ಮಲೀಕಸಾಬ ಕೋಲು ಕಸಿದುಕೊಂಡು, ಅದರ ಮೇಲೆ ಕುಳಿತುಬಿಟ್ಟ.