ಅರಸನ ಕಡೆಯ ಕೋಲು

ಪೆಂದುವ ನಡೆಗೋಲು ಮಾಡುವವನು. ನೈಲ್ ನದಿಯ ಪಶ್ಚಿಮ ದಡದ ಕೆಲಸಗಾರರ ಕೇರಿಯಲ್ಲೇ ಹುಟ್ಟಿ, ಅಲ್ಲೇ ಮದುವೆಯಾಗಿ, ಎರಡು ದಿನದ ದಾರಿ ಕೂಡ ಆಚೆ ಹೋದವನಲ್ಲ. ಆದರೂ ಅರಸ ಬೆಳೆದ ಪರಿ ಅವನಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ. ಒಂಬತ್ತು ವರ್ಷದ ಹುಡುಗ ಸಿಂಹಾಸನ ಏರಿದಾಗ ಮೊದಲ ಕೋಲು ಮಾಡಿದವನೇ ಇವನು. ಆಮೇಲೆ ವರ್ಷಕ್ಕೊಮ್ಮೆ ಅರಮನೆಯಿಂದ ಒಂದು ದಾರ ಬರುತ್ತಿತ್ತು, ಅರಸನ ಹೊಸ ಎತ್ತರಕ್ಕೆ ಸರಿಯಾಗಿ ಗಂಟು ಹಾಕಿದ್ದು. ಎಡಗಾಲು ಎಳೆಯುತ್ತಿದ್ದ ಅರಸ ಸುಮ್ಮನೆ ಕೂರುವ ಜಾತಿಯಲ್ಲ. ರಥ ಹತ್ತಿ ಬೇಟೆಗೆ ಹೋಗುವನು, ಕೋಲು ಮುರಿದುಕೊಂಡು ಬರುವನು. ಪೆಂದುವ ಖುಷಿಯಿಂದ ಇನ್ನೊಂದು ಕೆತ್ತುವನು.

ಹತ್ತೊಂಬತ್ತಕ್ಕೇ ಅರಸ ತೀರಿಕೊಂಡ. ಹೇಗೆ ಅಂತ ಯಾರಿಗೂ ಗೊತ್ತಿರಲಿಲ್ಲ, ಅದಕ್ಕೇ ಕೇರಿಯ ಪ್ರತಿಯೊಬ್ಬರಿಗೂ ಗೊತ್ತಿತ್ತು.

"ರಥದಿಂದ ಬಿದ್ದನಂತೆ ಕಣೇ," ಅಂದಳು ರೊಟ್ಟಿ ಒಲೆಯ ಹತ್ತಿರ ಪಕ್ಕದ ಮನೆಯವಳು.

"ನಿನ್ನೆ ನೀನೇ ನೀರಾನೆ ತುಳೀತು ಅಂದಿದ್ದೆ," ಅಂದಳು ಪೆಂದುವನ ಹೆಂಡತಿ ತಮೆಕೆತ್. "ನಾಳೆಗೆ ಏನು ಇಟ್ಕೊಂಡಿದ್ದೀಯ, ಮೊಸಳೆನಾ?"

ದೇಹ ಕೆಡದಂತೆ ಸಿದ್ಧಮಾಡಲು ಎಪ್ಪತ್ತು ದಿನ. ಅಷ್ಟರಲ್ಲಿ ಗೋರಿಯೊಳಗಿನ ಎಲ್ಲವೂ ತಯಾರಾಗಬೇಕು. ಪೆಂದುವನಿಗೆ ಒಂದೇ ಚಿಂತೆ. ಕಡೆಯ ದಾರದ ಅಳತೆಯ ಕೋಲು ಇನ್ನೂ ಮುಗಿದಿರಲಿಲ್ಲ, ಹಳೆಯವೆಲ್ಲ ಗಿಡ್ಡ. ಇದೊಂದು ಜೊತೆಗೆ ಹೋಗದಿದ್ದರೆ ಅರಸ ಆ ಲೋಕದಲ್ಲಿ ಮುದುಕನ ಹಾಗೆ ಬಗ್ಗಿಕೊಂಡೇ ನಡೆಯಬೇಕು.

ಕೋಲಿನ ಬುಡ ಕೊಕ್ಕೆಯ ಹಾಗೆ ಬಾಗಿರುತ್ತದೆ, ಅಲ್ಲಿ ಕೈಕಟ್ಟಿದ ಶತ್ರುವನ್ನು ಕೆತ್ತಬೇಕು. ಅರಸ ಹೆಜ್ಜೆ ಹಾಕಿದಾಗಲೆಲ್ಲ ಶತ್ರುವಿನ ಮುಖ ಮಣ್ಣು ಮುಕ್ಕಬೇಕು. ಉತ್ತರ ದೇಶದ ಶತ್ರುವಿಗೆ ಗಡ್ಡ ಇರುತ್ತದೆ. ಮೊದಲೆಲ್ಲ ಪೆಂದುವ ಗಡ್ಡವನ್ನು ಅಂದಾಜಿನಲ್ಲೇ ಕೆತ್ತುತ್ತಿದ್ದ, ಅದು ಮೇಕೆಯ ಗಡ್ಡದ ಹಾಗೆ ಬರುತ್ತಿತ್ತು. ಈ ಸಲ ಸೂತಕ, ಯಾವ ಗಂಡಸೂ ಕ್ಷೌರ ಮಾಡಿಸುವಂತಿಲ್ಲ. ಕೇರಿ ತುಂಬ ನಿಜವಾದ ಗಡ್ಡಗಳು. ಪೆಂದುವ ನೋಡಿ ನೋಡಿ, ಮೈಮರೆತು ಕೆತ್ತಿದ.

ಅರವತ್ತೆಂಟನೆಯ ದಿನ ತಮೆಕೆತ್ ಕೋಲು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು.

"ರೀ, ಇದು ಹತಿಯಾಯ್ ಅಲ್ವಾ?"

ಪೆಂದುವ ಕೋಲನ್ನು ಬೆಳಕಿಗೆ ತಿರುಗಿಸಿ ನೋಡಿದ. ಹತಿಯಾಯ್ ಕೇರಿಯ ಮೇಲ್ವಿಚಾರಕ. ಅದೇ ದಪ್ಪ ಮೂಗು, ಅದೇ ಎರಡಾಗಿ ಸೀಳಿದ ಗಡ್ಡ. ಯಾವ ವಸ್ತು ಗೋರಿಗೆ ಹೋಗಬೇಕು, ಯಾವುದು ಒಲೆಗೆ ಹೋಗಬೇಕು ಅಂತ ಹೇಳುವವನೂ ಅವನೇ.

"ಮೂಗನ್ನಾದರೂ ಸ್ವಲ್ಪ ಹೆರೆದುಬಿಡಿ."

"ಮೇಲೆ ಚಿನ್ನದ ತಗಡು ಹೊದಿಸಾಯ್ತಲ್ಲೇ."

ಅಷ್ಟರಲ್ಲಿ ಹತಿಯಾಯ್ ಬಾಗಿಲಿಗೇ ಬಂದ. ಹಿಂದೆ ಬಂದಿದ್ದ ನಾಲ್ವರು ಬಡಗಿಗಳು ಕೋಲು ನೋಡಿದರು, ಅವನನ್ನು ನೋಡಿದರು, ಆಮೇಲೆ ಸೂರು ನೋಡುತ್ತ ನಿಂತರು. ಹತಿಯಾಯ್ ಕೋಲನ್ನು ಕಣ್ಣಿನ ಹತ್ತಿರ ಹಿಡಿದ. ಎರಡು ತಿಂಗಳಿಂದ ಕ್ಷೌರವಿಲ್ಲ, ಕನ್ನಡಿ ಮುಟ್ಟಿಲ್ಲ, ಪಾಪ.

"ಈ ಮುಖ ಎಲ್ಲೋ ನೋಡಿದ್ದೀನಲ್ಲಯ್ಯಾ."

"ಉತ್ತರದ ಶತ್ರು ಒಡೆಯಾ," ಅಂದ ಪೆಂದುವ.

"ಶತ್ರುವೇ ಸರಿ. ಇವನು ನಮ್ಮಣ್ಣ."

ಅಪ್ಪನ ಹೊಲಕ್ಕಾಗಿ ಆ ಅಣ್ಣ ತಮ್ಮ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು.

"ನಡೆಯುವಾಗ ಇವನ ಮೂತಿ ಮಣ್ಣಿಗೆ ತಾಗುತ್ತಾ?"

"ಪ್ರತಿ ಹೆಜ್ಜೆಗೂ ಒಡೆಯಾ."

"ಎಷ್ಟು ಕಾಲ?"

"ಅರಸರು ಅಲ್ಲಿ ನಡೆಯೋದು ಲಕ್ಷಾಂತರ ವರ್ಷ ಅಂತಾರೆ."

ಹತಿಯಾಯ್ ಮುಖ ಅರಳಿತು. ತಾನೇ ಕೋಲಿಗೆ ನಾರುಬಟ್ಟೆ ಸುತ್ತಿ, ಗೋರಿಗೆ ಹೋಗುವ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲಿಟ್ಟು ಮುದ್ರೆ ಒತ್ತಿದ. ಪೆಂದುವನಿಗೆ ಉಸಿರು ಬಂತು. ಅರಸ ನೆಟ್ಟಗೆ ನಡೆಯುತ್ತಾನೆ.

ಹತಿಯಾಯ್ ಹೊಸ್ತಿಲು ದಾಟಿದವನು ತಿರುಗಿದ.

"ಸೂತಕ ಕಳೆದ ಮೇಲೆ ನನಗೂ ಒಂದು ಮಾಡಿಕೊಡು. ಇದೇ ಮುಖ ಇರಲಿ, ಮೂಗು ಇನ್ನೂ ಸ್ವಲ್ಪ ದಪ್ಪ ಮಾಡು."

ಬಡಗಿಗಳು ಬೀದಿಯ ತಿರುವಿನವರೆಗೆ ಹೇಗೋ ನಗು ತಡೆದುಕೊಂಡರು.