ಉತ್ತರ ವಾಪಸು ತಂದ ವಿಶಾಲಕ್ಕ

ವಿಶಾಲಕ್ಕ ಬಂದು ಕೂತರೆ ರಾಯದುರ್ಗದ ಮದುವೆಮನೆಗಳಲ್ಲಿ ಮಾತು ತಾನಾಗಿ ಸಣ್ಣಗಾಗುತ್ತಿತ್ತು. ಜಗಳಗಂಟಿ ಏನಲ್ಲ, ಅವರು ದನಿ ಎತ್ತಿದ್ದನ್ನೇ ನಾನು ಕಂಡಿಲ್ಲ. ಆದರೆ ಬೆಳ್ಳುಳ್ಳಿ ಸುಟ್ಟು ತಿಂದರೆ ಬಿ.ಪಿ. ಇಳಿಯುತ್ತದೆ ಎಂದು ಯಾರಾದರೂ ಅಂದರೆ ಸಾಕು, ಗಲ್ಲಕ್ಕೆ ಕೈಯಿಟ್ಟು ಬಲು ಅಕ್ಕರೆಯಿಂದ ಕೇಳುತ್ತಿದ್ದರು: "ಹೌದೇನ್ರಿ? ನಿಮಗ ಹ್ಯಾಂಗ ಗೊತ್ತಾತ್ರಿ?" ಸ್ವಂತ ತಮ್ಮನಿಗೆ ಹೆಣ್ಣು ನೋಡಲು ಹೋದಾಗಲೂ ಬಿಡಲಿಲ್ಲ. ಹುಡುಗಿ ಭಾಳ ಸಮಾಧಾನದವಳು ಎಂದು ಅವಳ ಚಿಕ್ಕಪ್ಪ ಹೊಗಳಿದ್ದಕ್ಕೆ ಇದೇ ಪ್ರಶ್ನೆ ಹಾಕಿದರಂತೆ. ಸಂಬಂಧ ಅಲ್ಲಿಗೇ ಮುರಿಯಿತು. ಪಾಪ, ತಮ್ಮ ಎಷ್ಟೋ ದಿನ ಅಕ್ಕನ ಮುಖ ನೋಡಲಿಲ್ಲ.

ಇನ್ನೊಬ್ಬರಾಗಿದ್ದರೆ ಈ ಚಾಳಿಗೆ ಬೈಸಿಕೊಂಡೇ ಸಾಯುತ್ತಿದ್ದರು. ವಿಶಾಲಕ್ಕನಿಗೆ ಅದೇ ಉದ್ಯೋಗವಾಯಿತು. ಪೂರ್ವ ಆಫ್ರಿಕಾದ ಒಂದು ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರದಲ್ಲಿ ಅವರು ಹಿರಿಯ ಸಂಶೋಧಕಿ. ಮಡಕಶಿರಾ ಕಡೆಯ ರತ್ನಗಿರಿಯವಳಾದ ನಾನು ಅಲ್ಲಿ ಅವರ ಕೈಕೆಳಗೆ ಕೆಲಸಕ್ಕೆ ಸೇರಿದೆ. ಮೊದಲ ದಿನವೇ ನಾನು 'ಹೆಂಗೆ' ಅಂದೆ, ಅವರು 'ಹ್ಯಾಂಗ' ಅಂದರು. ಅಷ್ಟು ದೂರದ ಊರಲ್ಲಿ ಅನಂತಪುರವೆಂಬ ಒಂದೇ ಜಿಲ್ಲೆಯ ಎರಡು ಕನ್ನಡ ಎದುರಾಗಿದ್ದು ನೋಡಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಒಮ್ಮೆ ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದರು. ಮುದ್ದೆ ಬಡಿಸುತ್ತ ಅವ್ವ, ಅಲ್ಲಿ ನೀವು ಮಾಡೋ ಕೆಲಸವಾದರೂ ಏನಮ್ಮ ಎಂದು ಕೇಳಿದಳು. ನಾನು ಎಷ್ಟು ಸಲ ಹೇಳಿದ್ದರೂ ಅವಳಿಗೆ ತಿಳಿದಿರಲಿಲ್ಲ. ವಿಶಾಲಕ್ಕ ಮುದ್ದೆ ಮುರಿಯುತ್ತ ಹೇಳಿದರು: "ಸರ್ಕಾರದವರು ಏನರ ಹೊಸಾದು ಮಾಡೂಕ ಹೊಂಟಿರ್ತಾರ್ರಿ. ಇದನ್ನ ಹಿಂದ ಯಾರ್ಯಾರು ಮಾಡಿ ನೋಡ್ಯಾರ, ಮಾಡಿದ್ರ ಏನಾತು ಅಂತ ಇದ್ದಬದ್ದದ್ದೆಲ್ಲ ಓದಿ, ಮಂತ್ರಿಗೋಳಿಗೆ ತಿಳಿಯೂ ಹಂಗ ಬರದು ಕೊಡ್ತೀವಿ."

"ಅವ್ರು ಕೇಳ್ತಾರಾ?" ಅಂದಳು ಅವ್ವ.

"ಒಮ್ಮೊಮ್ಮೆ ಕೇಳ್ತಾರ್ರಿ." ಅವ್ವನಿಗೆ ಆ ಉತ್ತರ ಬಲು ಹಿಡಿಸಿತು, ಇನ್ನೊಂದು ಮುದ್ದೆ ಹಾಕಿಯೇ ಬಿಟ್ಟಳು.

ಆ ರಜೆಗೆ ಹೊರಡುವ ಮುಂಚೆಯಷ್ಟೇ ನಾವೊಂದು ಉತ್ತರ ಕಳಿಸಿ ಬಂದಿದ್ದೆವು. ಅಲ್ಲಿನ ಹಳ್ಳಿಗಾಡಿನಲ್ಲಿ ಆಸ್ಪತ್ರೆಗಳ ಪಕ್ಕ ಸಣ್ಣ ಸಣ್ಣ ಮನೆಗಳಿವೆ. ದೂರದ ಬಸುರಿಯರು ದಿನ ತುಂಬುವ ಮುಂಚೆಯೇ ಬಂದು ಉಳಿಯಲಿ, ದಾರಿಯಲ್ಲಿ ನೋವು ತಿನ್ನುವುದು ತಪ್ಪಲಿ ಎಂದು ಕಟ್ಟಿದ್ದು. ಯಾರೂ ಬರುವುದಿಲ್ಲ, ಮುಚ್ಚಿಬಿಡೋಣವೇ ಎಂದು ಆರೋಗ್ಯ ಇಲಾಖೆ ಕೇಳಿತ್ತು. ನಾವು ಸಿಕ್ಕಿದ್ದನ್ನೆಲ್ಲ ಓದಿ, ಇವುಗಳಿಂದ ಉಪಯೋಗ ಕಾಣುತ್ತಿಲ್ಲ ಎಂದು ಬರೆದೆವು. ಕೆಳಗೆ ವಿಶಾಲಕ್ಕನ ಸಹಿ. ಇನ್ನು ಮಂತ್ರಿಯ ರುಜು ಬಿದ್ದರೆ ಆ ಮನೆಗಳಿಗೆ ಬೀಗ.

ರಜೆ ಮುಗಿಯುವ ಮುಂಚೆ ನಾನು ರಾಯದುರ್ಗಕ್ಕೆ ಹೋದೆ. ವಿಶಾಲಕ್ಕ ನನ್ನನ್ನು ತಮ್ಮನ ಜೀನ್ಸ್ ಹೊಲಿಯುವ ಯೂನಿಟ್ಟಿಗೆ ಕರೆದುಕೊಂಡು ಹೋದರು. ಊಟದ ಬಿಡುವನ್ನು ಒಂದು ಗಂಟೆ ಮುಂದಕ್ಕೆ ಹಾಕಿದ್ದೇನೆ, ಎಲ್ಲರೂ ಒಪ್ಪಿದ್ದಾರೆ ಎಂದು ಅವನು ಹೆಮ್ಮೆಯಿಂದ ಹೇಳಿಕೊಂಡ. ಬಂತಲ್ಲ ಪ್ರಶ್ನೆ! ಹ್ಯಾಂಗ ಗೊತ್ತಾತು? ಎಲ್ಲರನ್ನೂ ನಿಲ್ಲಿಸಿ ಕೇಳಿದೆ ಅಂದ. ಯಾವ ಮಾತಿನಲ್ಲಿ ಕೇಳಿದೆ ಎಂದರು ಅಕ್ಕ. ಕನ್ನಡದಲ್ಲಿ, ಮತ್ತೆ ಯಾವುದರಲ್ಲಿ ಕೇಳಲಿ ಎಂದು ಅವನು ರೇಗಿದ. ವಿಶಾಲಕ್ಕ ಎದ್ದು ಗುಂಡಿ ಹಚ್ಚುವ ಹೆಂಗಸರ ನಡುವೆ ಹೋಗಿ ಕೂತು, ತಮ್ಮ ಹರಕು ಮುರುಕು ಉರ್ದುವಿನಲ್ಲಿ ಮಾತಿಗೆಳೆದರು. ಮನೆಯಲ್ಲಿ ಉರ್ದು ಆಡುವ ಆ ಹೆಂಗಸರು ಮಾಲೀಕನ ಮುಂದೆ ಸುಮ್ಮನೆ ತಲೆಯಾಡಿಸಿದ್ದರು ಅಷ್ಟೇ. ಈಗ ಒಬ್ಬೊಬ್ಬರೇ ಬಾಯಿಬಿಟ್ಟರು. ಮೊದಲಿನ ಹೊತ್ತಿಗೆ ಬಿಟ್ಟರೆ ಮನೆಗೆ ಓಡಿ ಮಕ್ಕಳಿಗೆ ಉಣ್ಣಿಸಿ ಬರುತ್ತಿದ್ದರಂತೆ, ಈಗ ಅದು ತಪ್ಪಿದೆ.

ತಮ್ಮನನ್ನು ಗೇಲಿ ಮಾಡುತ್ತಾರೆ ಎಂದುಕೊಂಡೆ. ಇಲ್ಲ. ಎದ್ದು ನನ್ನ ಹತ್ತಿರ ಬಂದರು.

"ಸುಮಾ, ನಾವು ಇಂಗ್ಲಿಷಿನ್ಯಾಗ ಬರ್ದಿದ್ದಷ್ಟ ಓದೀವಿ. ಬಸುರ್ಯಾರು ಉಳಿಯೂ ಅಂಥಾ ಮನಿ ಪಕ್ಕದ ದೇಶದಾಗೂ ಅದಾವು, ಅವರು ಬರೆಯೂದೆಲ್ಲಾ ಫ್ರೆಂಚಿನ್ಯಾಗ. ಅವರನ್ನ ಕೇಳೇ ಇಲ್ಲಲ್ಲ ನಾವು."

ಮರುದಿನವೇ ಅವರು ಟಿಕೆಟ್ ಬದಲಿಸಿಕೊಂಡು ಹೊರಟರು, ಬೆನ್ನಿಗೆ ನಾನೂ. ಫ್ರೆಂಚ್ ಬಲ್ಲವರನ್ನು ಗುಡ್ಡೆ ಹಾಕಿಕೊಂಡು ಓದಿಸಿದರೆ, ಅಲ್ಲಿ ಬೇರೆಯೇ ಕತೆ. ಜೊತೆಗೆ ಬಂದ ಅವ್ವನೋ ಅತ್ತೆಯೋ ತಮ್ಮ ಅಡಿಗೆ ತಾವು ಮಾಡಿಕೊಳ್ಳಲು ಒಲೆ ಇದ್ದ ಕಡೆ ಬಸುರಿಯರು ಬಂದು ಉಳಿದಿದ್ದರು. ಒಲೆ ಇಲ್ಲದ ಕಡೆಯೇ ಮನೆ ಖಾಲಿ.

ಉತ್ತರ ವಾಪಸು ತರುತ್ತೇವೆ ಎಂದಿದ್ದಕ್ಕೆ ನಮ್ಮ ಕೇಂದ್ರದ ನಿರ್ದೇಶಕರು ಹೆದರಿದರು. ಕೊಟ್ಟ ಉತ್ತರ ತಪ್ಪು ಎಂದು ಒಮ್ಮೆ ಹೇಳಿದರೆ ಇಲಾಖೆ ಇನ್ನು ಈ ಕಡೆ ತಲೆ ಹಾಕುವುದಿಲ್ಲ, ಕೇಂದ್ರದ ಗತಿ ಏನು ಎಂದರು. ಅವರ ಭಯ ಸುಳ್ಳಲ್ಲ, ನಮ್ಮೆಲ್ಲರ ಅನ್ನ ಆ ನಂಬಿಕೆಯ ಮೇಲೆಯೇ ಇತ್ತು. ವಿಶಾಲಕ್ಕ ಅವರಿಗೆ ಇಂಗ್ಲಿಷಿನಲ್ಲಿ ಏನು ಹೇಳಿದರೋ ನೆನಪಿಲ್ಲ. ಹೊರಗೆ ಬಂದು ನನಗೆ ಹೇಳಿದ್ದು ಮಾತ್ರ ಕಿವಿಯಲ್ಲೇ ಇದೆ: "ನಮ್ಮನ್ನ ಕೇಳದಿದ್ರ ಬಿಡ್ಲಿ. ಆಕಿ ದಾರ್‍ಯಾಗ ಹಡೀಬೇಕೇನು?"

ಇಲಾಖೆಯ ಹಿರಿಯ ಅಧಿಕಾರಿ ಒಬ್ಬ ಕಟ್ಟುನಿಟ್ಟಿನ ಹೆಂಗಸು. ಅವರ ಮೇಜಿನ ಮುಂದೆ ನಿಂತು ವಿಶಾಲಕ್ಕ, ನಮ್ಮ ಉತ್ತರ ತಪ್ಪು, ಅದಕ್ಕೆ ಸಹಿ ಹಾಕಿದವಳು ನಾನು, ದಯವಿಟ್ಟು ವಾಪಸು ಕೊಡಿ ಎಂದರು. ನಾನು ಹಿಂದೆ ನಿಂತಿದ್ದೆ. ಆಕೆ ಕಾಗದವನ್ನು ನಮ್ಮ ಕಡೆ ತಳ್ಳಿದರು. ಮನೆಗಳು ಮುಚ್ಚಲಿಲ್ಲ, ಒಂದೊಂದಕ್ಕೂ ಒಲೆ ಬಂತು. ನಮ್ಮ ಅನಂತಪುರದ ಕಡೆಯ ಹೆಣ್ಣುಮಗಳು ಮಾಡಿದ ಕೆಲಸ ಇದು ಎಂದು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ, ಯಾರ ಹಂಗೂ ನನಗಿಲ್ಲ.

ನಿವೃತ್ತಿಯಾಗಿ ರಾಯದುರ್ಗಕ್ಕೆ ಮರಳಿದ ವಿಶಾಲಕ್ಕ ಈ ಬೇಸಿಗೆಯಲ್ಲಿ ತೀರಿಕೊಂಡರು. ಸುದ್ದಿ ಬಂದಾಗ ನಾನು ಕೇಂದ್ರದಲ್ಲಿದ್ದೆ, ಈಗ ಅವರ ಕುರ್ಚಿ ನನ್ನದು. ಅದೇ ಹೊತ್ತಿಗೆ ಹೊಸ ಪ್ರಶ್ನೆಯೊಂದಿದೆ ಎಂದು ಆ ಅಧಿಕಾರಿಯ ಫೋನು. ವಿಶಾಲಕ್ಕ ಇನ್ನಿಲ್ಲ ಎಂದೆ. ಅದಕ್ಕೆ ಆಕೆ, ಉತ್ತರ ಕೊಡುವವರು ನನಗೆ ಬೇಕಾದಷ್ಟು ಜನ ಇದ್ದಾರೆ, ಕೊಟ್ಟ ಉತ್ತರವನ್ನು ವಾಪಸು ಕೇಳಿಕೊಂಡು ಬಂದವರು ಅವರೊಬ್ಬರೇ, ಅದಕ್ಕೇ ಇವತ್ತಿಗೂ ಏನೇ ಇದ್ದರೂ ಮೊದಲು ನಿಮ್ಮ ಕೇಂದ್ರಕ್ಕೇ ಫೋನ್ ಮಾಡುವುದು ಎಂದರು.

ನನಗೆ ಅಳು ಒತ್ತಿಕೊಂಡು ಬಂತು. ಅತ್ತುಬಿಟ್ಟೆ. ಆಮೇಲೆ ಪೆನ್ನು ತೆಗೆದುಕೊಂಡು, ಪ್ರಶ್ನೆ ಹೇಳಿ ಎಂದೆ.